ಪೆಟ್ಟಿಗೆಯಲ್ಲಿ ಜೋಗುಳ ಇರಲಿಲ್ಲ

ಪೆಟ್ಟಿಗೆಯ ಲಾಡಿ ಬಿಚ್ಚಿದ ಚೀಟಿರಾಯನ ಕೈ ಅಲ್ಲೇ ನಿಂತುಬಿಟ್ಟಿತು. ಒಳಗೆ ಇರಬೇಕಾದದ್ದು ದೋಣಿಗಾರರ ಮನೆಯ ಹೆಂಗಸರು ಹಾಡುತ್ತಿದ್ದ ಜೋಗುಳಗಳ ಕೈಬರಹದ ಪುಸ್ತಕ. ಅಂಗೈಯಗಲದ ಆ ಪುಸ್ತಕಕ್ಕೆ ಲೋಕದಲ್ಲೆಲ್ಲೂ ಇನ್ನೊಂದು ಪ್ರತಿಯಿಲ್ಲ. ಆದರೆ ಕಾಗದದ ಹೊದಿಕೆಯೊಳಗೆ ಅವನಿಗೆ ಸಿಕ್ಕಿದ್ದು ಎಂದೋ ಓಡಿ ಮುಗಿಸಿದ ರೈಲುಗಳ ವೇಳಾಪಟ್ಟಿ!

ಕೌಂಟರಿನ ಆಚೆ ತೊಂಬತ್ತು ದಾಟಿದ ಅಜ್ಜಿಯೊಬ್ಬಳು ಮೊಮ್ಮಗಳ ತೋಳು ಹಿಡಿದು ನಿಂತಿದ್ದಳು. ಒಂದು ಕಾಲಕ್ಕೆ ಹೆಸರಾಂತ ಸೂಲಗಿತ್ತಿ. ಆ ಹಾಡುಗಳನ್ನು ಹಾಡಿ ಬರೆಸಿದವರಲ್ಲಿ ಅವಳ ತಾಯಿಯೂ ಒಬ್ಬಳೆಂದು ತಿಳಿದು, ಎರಡು ದಿನ ಪ್ರಯಾಣ ಮಾಡಿ ಬಂದಿದ್ದಳು.

"ಏನಪ್ಪಾ, ಪುಸ್ತಕ ಇನ್ನೂ ನಿದ್ದೆಯಿಂದ ಎದ್ದಿಲ್ವಾ?" ಎಂದು ಅಜ್ಜಿ ನಕ್ಕಳು.

"ಒಂದ್ನಿಮಿಷ ಅಜ್ಜಿ, ಕೂತ್ಕೊಳ್ಳಿ," ಎಂದವನೇ ಚೀಟಿರಾಯ ಪೆಟ್ಟಿಗೆ ಅವುಚಿಕೊಂಡು ಓಡಿದ.

ದೇಶದಲ್ಲಿ ಅಚ್ಚಾದ ಪ್ರತಿ ಪುಸ್ತಕವೂ ಬಂದು ಸೇರುವ ಆ ರಾಷ್ಟ್ರೀಯ ಗ್ರಂಥಾಲಯದಲ್ಲಿ ಓದುಗರ ಚೀಟಿ ಪಡೆದು ಪುಸ್ತಕ ತರಿಸಿಕೊಡುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಒಂದು ಹಾಳೆಯೂ ಕಳೆದುಹೋಗಿರಲಿಲ್ಲ. ಅವನು ನಿರ್ದೇಶಕರ ಕೋಣೆಗೆ ಹೋಗಲಿಲ್ಲ. ನೇರ ದುರಸ್ತಿ ಕೋಣೆಗೆ ಹೋದ. ಅಲ್ಲಿದ್ದವಳು ಗೋಂದಕ್ಕ. ಹರಿದ ಪುಸ್ತಕಗಳಿಗೆ ಜೀವ ಕೊಡುವುದು ಅವಳ ಕಸುಬು. ಕಳೆದ ಕನ್ನಡಕದಿಂದ ಹಿಡಿದು ಕಳ್ಳ ಸಹಿಯವರೆಗೆ ಆ ಕಟ್ಟಡದ ಎಲ್ಲ ಗಂಟುಗಳನ್ನೂ ಬಿಡಿಸುತ್ತಿದ್ದವಳೂ ಅವಳೇ.

ಗೋಂದಕ್ಕ ಬ್ರಷ್ ಕೆಳಗಿಟ್ಟು, ಕೈ ತೊಳೆದು ಒರೆಸಿಕೊಂಡು, ವೇಳಾಪಟ್ಟಿಯ ಮೊದಲ ಪುಟ ತಿರುವಿದಳು. ಅಲ್ಲಿ 'ರದ್ದು' ಎಂಬ ದುಂಡು ಮುದ್ರೆಯಿತ್ತು. ಆಮೇಲೆ ಹೊದಿಕೆಯನ್ನು ಬೆಳಕಿಗೆ ಹಿಡಿದಳು.

"ಈ ಹೊದಿಕೆ ನಾನೇ ಕತ್ತರಿಸಿ ಕೊಟ್ಟಿದ್ದು ತಮ್ಮಾ. ಬೆನ್ನಿನ ಹತ್ತಿರ ನೋಡು, ಹಳೇ ಮಡಿಕೆ ಪಕ್ಕದಲ್ಲೇ ಹೊಸ ಮಡಿಕೆ. ದಪ್ಪ ಪುಸ್ತಕಕ್ಕೆ ಎಳೆದು ಸುತ್ತಿದಾರೆ. ಪೆಟ್ಟಿಗೆ ಕೊನೆಗೆ ಹೊರಗೆ ಬಂದಿದ್ದು ಯಾವಾಗ?"

"ನಿನ್ನೆ ಮಧ್ಯಾಹ್ನ ಅಕ್ಕ. ಒಂದೇ ಮೇಜಲ್ಲಿ ಮೂರು ಜನ ಕೂತಿದ್ರು. ಹಾಡು ಬಿಟ್ರೆ ಬೇರೆ ಪುಸ್ತಕ ಮುಟ್ಟದ ನಮ್ಮ ಪಂಡಿತರು, ಆ ಸಂಗೀತದ ಟೀಚರು, ಮತ್ತೆ ಫೋಟೋ ಪ್ರತಿಗೆ ಪುಟಗಳ ಅಳತೆ ತಗೊಳ್ಳೋಕೆ ಬಂದ ನಮ್ಮ ಫೋಟೋದವನು. ವಾಪಸ್ ಕೊಟ್ಟಿದ್ದು ಟೀಚರು."

"ಬಿಚ್ಚಿ ನೋಡಿದ್ಯಾ?"

ಚೀಟಿರಾಯ ತಲೆ ತಗ್ಗಿಸಿದ. "ಕ್ಯೂ ಉದ್ದ ಇತ್ತು. ಹೊದಿಕೆ ಕಂಡಿತು, ಲಾಡಿ ಕಟ್ಟಿಬಿಟ್ಟೆ."

ಅಷ್ಟರಲ್ಲಿ ಸುದ್ದಿ ಕೇಳಿದ ನಿರ್ದೇಶಕರು ಏದುಸಿರು ಬಿಡುತ್ತ ಬಂದರು. "ಟೀಚರೇ ಇರ್ಬೇಕು! ಪುಸ್ತಕ ನೋಡ್ತಾ ಕಣ್ಣೀರು ಹಾಕಿದ್ರಂತೆ, ಮನೆಗೆ ಒಯ್ಯೋಕೆ ಆಗುತ್ತಾ ಅಂತಲೂ ಕೇಳಿದ್ರಂತೆ."

"ಕದಿಯೋರು ಕೇಳ್ತಾರಾ ಸಾರ್?" ಎಂದಳು ಗೋಂದಕ್ಕ. "ಗೇಟಲ್ಲಿ ಜೇಬು, ಚೀಲ ಎಲ್ಲ ತಡಕ್ತಾರೆ. ಪುಸ್ತಕ ಇನ್ನೂ ಈ ಕಟ್ಟಡದೊಳಗೇ ಇದೆ. ತಮ್ಮಾ, ಬಾ."

ಅವಳು ಹೋಗಿ ನಿಂತದ್ದು ಓದುವ ಕೋಣೆಯ ಪಕ್ಕದ ಮಾರಾಟದ ಕೋಣೆಯ ಮುಂದೆ. ಹೆಚ್ಚುವರಿ ಪ್ರತಿಗಳನ್ನು ರದ್ದುಮಾಡಿ, ಹತ್ತು ಹತ್ತರ ಕಟ್ಟು ಕಟ್ಟಿ, ಆ ದಿನ ಹನ್ನೆರಡಕ್ಕೆ ಸಾರ್ವಜನಿಕರಿಗೆ ಮಾರುವುದಿತ್ತು. ಕಟ್ಟು ಕಟ್ಟಲು ವಾರವಿಡೀ ಆ ಮೂವರೂ ನೆರವಾಗಿದ್ದರು. ಯಾವ ಕಟ್ಟು ಯಾರಿಗೆ ಬೇಕೆಂದು ಮೊದಲೇ ಬರೆದಿಡುವ ಹಾಳೆ ಬಾಗಿಲಿಗೆ ಅಂಟಿತ್ತು. ಚೀಟಿರಾಯ ಓದಿದ: ಟೀಚರಿಗೆ ಮಕ್ಕಳ ಪತ್ರಿಕೆಗಳು, ಫೋಟೋದವನಿಗೆ ಚಿತ್ರಕಲೆಯ ಸಂಚಿಕೆಗಳು, ಪಂಡಿತರಿಗೆ ರೈಲು ವೇಳಾಪಟ್ಟಿಗಳು.

ಗೋಂದಕ್ಕನ ತುಟಿಯಂಚಿನಲ್ಲಿ ನಗು ಮೂಡಿತು. "ಕಟ್ಟು ಬಿಚ್ಚಬೇಡ. ಎಲ್ಲರನ್ನೂ ಇಲ್ಲಿಗೇ ಕರಿ. ಅಜ್ಜೀನೂ ಕರಿ, ಕುರ್ಚಿ ತರೋದು ಮರೀಬೇಡ."

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಎಲ್ಲರೂ ಸೇರಿದರು. ಟೀಚರ ಮುಖ ಬಾಡಿತ್ತು, ಫೋಟೋದವನು ಉಗುರು ಕಚ್ಚುತ್ತಿದ್ದ. ಪಂಡಿತರು ಮಾತ್ರ ಗಡಿಯಾರ ನೋಡುತ್ತಿದ್ದರು.

"ಪೆಟ್ಟಿಗೆಯಲ್ಲಿ ಸಿಕ್ಕ ವೇಳಾಪಟ್ಟಿಗೆ ರದ್ದಿನ ಮುದ್ರೆ ಇದೆ," ಗೋಂದಕ್ಕ ಶುರುಮಾಡಿದಳು. "ಅಂದ್ರೆ ಅದು ಇದೇ ಕೋಣೆಯದು. ಇಲ್ಲಿಂದ ಒಂದು ತೆಗೆದ್ರೆ ಕಟ್ಟಲ್ಲಿ ಒಂಬತ್ತೇ ಉಳಿಯುತ್ತೆ, ಲೆಕ್ಕ ತಪ್ಪಿ ಸಿಕ್ಕಿಬೀಳ್ತಾರೆ. ಆ ಜಾಗಕ್ಕೆ ಅದೇ ಉದ್ದಗಲದ ಇನ್ನೊಂದು ಪುಸ್ತಕ ಬರಲೇಬೇಕು. ನಿನ್ನೆ ಮೇಜಿನ ಹತ್ತಿರ ಹೊದಿಕೆಯೊಳಗಿನ ಪುಸ್ತಕ ಬದಲಾಯಿತು. ಜೋಗುಳ ಅಂಗಿಯೊಳಗೆ ಸೇರಿ ಈ ಪಕ್ಕದ ಕೋಣೆಗೆ ಬಂತು. ಗೇಟು ದಾಟೋ ಕಷ್ಟವೇ ಇಲ್ಲ. ಇವತ್ತು ಕಟ್ಟು ಕೊಂಡು, ರಸೀದಿ ತೋರಿಸಿ, ಕಾವಲುಗಾರನ ಹತ್ತಿರ ಸಲಾಂ ಹೊಡೆಸ್ಕೊಂಡೇ ಹೋಗಬಹುದು! ಹಾಗೆ ಹೋಗೋಕೆ ಆಗೋದು ಒಬ್ಬರಿಗೇ, ವೇಳಾಪಟ್ಟಿಯ ಕಟ್ಟು ಹೇಳಿಟ್ಟವರಿಗೆ. ಪಂಡಿತರೇ, ನೀವು ಹಾಡು ಬಿಟ್ಟು ರೈಲು ಹತ್ತಿದ್ದು ಯಾವಾಗಿಂದ?"

"ಅದು... ನನ್ನ ಭಾಮೈದನಿಗೆ ಬೇಕಿತ್ತು," ಎಂದು ಪಂಡಿತರು ತೊದಲಿದರು.

"ಹಾಗಾದ್ರೆ ಬಿಚ್ಚಿ ನೋಡೋಣ."

ಚೀಟಿರಾಯ ದಾರ ಕತ್ತರಿಸಿದ. ಒಂದು, ಎರಡು, ಮೂರು... ಆರನೆಯದು ರೈಲಿನದಾಗಿರಲಿಲ್ಲ. ಮಾಸಿದ ಚರ್ಮದ ರಟ್ಟು, ಒಳಗೆ ಇರುವೆ ಸಾಲಿನಂಥ ಕೈಬರಹ. ಅವನಿಗೆ ಕುಣಿದಾಡಬೇಕೆನ್ನಿಸಿತು, ಕೈಯಲ್ಲಿ ಪುಸ್ತಕವಿತ್ತೆಂದು ಸುಮ್ಮನಾದ.

ಪಂಡಿತರು ಕುಸಿದು ಕೂತರು. "ನನ್ನಷ್ಟು ಅದನ್ನು ಪ್ರೀತಿಸೋರು ಯಾರಿದಾರೆ? ಮುಂದಿನ ವಾರ ಫೋಟೋ ಪ್ರತಿ ಆಗಿ ಎಲ್ಲರ ಕೈಗೂ ಹೋಗಿಬಿಡ್ತಿತ್ತು..."

"ಹೋಗಲಿ ಅಂತಾನೇ ನಾವಿಲ್ಲಿ ಇರೋದು," ಎಂದಳು ಗೋಂದಕ್ಕ. ನಿರ್ದೇಶಕರು ಪಂಡಿತರ ಸದಸ್ಯತ್ವದ ಕಾರ್ಡು ಕಸಿದುಕೊಂಡು, ಪೊಲೀಸರಿಗೆ ಫೋನ್ ಮಾಡಲು ಹೊರಟರು. ಬಾಗಿಲಲ್ಲಿ ನಿಂತು ಟೀಚರ ಕಡೆ ತಿರುಗಿ, "ತಪ್ಪು ತಿಳ್ಕೊಂಡಿದ್ದೆ, ಕ್ಷಮಿಸಿಬಿಡಿ ತಾಯಿ," ಎಂದು ಕೈ ಮುಗಿದರು.

ಓದುವ ಕೋಣೆಯಲ್ಲಿ ಪುಸ್ತಕವನ್ನು ಹತ್ತಿಯ ದಿಂಬಿನ ಮೇಲೆ ಮಲಗಿಸಿದರು. ಮೊಮ್ಮಗಳು ಓದತೊಡಗಿದಳು. ಅಜ್ಜಿ ಕಣ್ಣು ಮುಚ್ಚಿ ಕೇಳುತ್ತಿದ್ದವಳು ಮೂರನೆಯ ಹಾಡಿಗೆ ತಟ್ಟನೆ ಕಣ್ಣು ಬಿಟ್ಟಳು.

"ಇದೇ! ಇದೇ ಅವ್ವನ ಹಾಡು! ಆದ್ರೆ ಇಷ್ಟಕ್ಕೇ ಮುಗಿಯೋದಿಲ್ಲ ಮಗಾ. ಬರ್ಕೊಂಡವರಿಗೆ ಆತುರ ಇತ್ತೇನೋ, ಕೊನೆ ನಾಲ್ಕು ಸಾಲು ಬಿಟ್ಟಿದಾರೆ."

ಎಂದವಳೇ ಹಾಡಿಬಿಟ್ಟಳು. ದನಿ ನಡುಗಿದರೂ ರಾಗ ನಡುಗಲಿಲ್ಲ. ಪಿಸುಮಾತಿಗೂ ಕಣ್ಣು ಕೆಂಪಗೆ ಮಾಡುತ್ತಿದ್ದ ಓದುಗರು ತಲೆಯೆತ್ತಿ ಕೂತರು. ಯಾರೂ 'ಶ್' ಎನ್ನಲಿಲ್ಲ. "ಇನ್ನೊಂದ್ಸಲ ಅಜ್ಜಿ," ಎಂದು ಟೀಚರು ಪೆನ್ಸಿಲ್ ಹಿಡಿದು ಸ್ವರ ಗುರುತಿಸಿಕೊಂಡರು. ಗೋಂದಕ್ಕ ಸಾಲುಗಳನ್ನು ತನ್ನ ಅತ್ಯುತ್ತಮ ಕಾಗದದ ಮೇಲೆ ಬರೆದುಕೊಂಡಳು.

ಸಂಜೆಯೊಳಗೆ ಆ ಒಂದು ಹಾಳೆಗೆ ರಟ್ಟು ಬಂತು, ನಂಬರು ಬಂತು, ಕರ್ತೃವಿನ ಜಾಗದಲ್ಲಿ ಅಜ್ಜಿಯ ತಾಯಿಯ ಹೆಸರು ಬಂತು. ಚೀಟಿರಾಯ ಹೊಸ ಚೀಟಿಯೊಂದನ್ನು ಕೌಂಟರಿನ ಆಚೆ ಚಾಚಿದ. "ಮೊದಲನೇ ಓದುಗರು ನೀವೇ ಆಗ್ಬೇಕು ಅಜ್ಜಿ."

"ನಂಗೆ ಓದೋಕೆ ಬರೋದಿಲ್ಲಪ್ಪಾ," ಎಂದು ಅಜ್ಜಿ ಬೊಚ್ಚು ಬಾಯಿ ತುಂಬ ನಕ್ಕು, ಹೆಬ್ಬೆಟ್ಟು ಮುಂದೆ ಮಾಡಿದಳು.