ಮೂರೂ ಐವತ್ತಕ್ಕೆ ಒಂದು ಒದೆ

ಇಸ್ತ್ರಿಪೆಟ್ಟಿಗೆ ನನ್ನ ಬಲಗೆನ್ನೆಯಿಂದ ನಾಲ್ಕು ಬೆರಳು ದೂರದಲ್ಲಿತ್ತು.

ಚೆನ್ನಾಗಿ ಕಾದಿತ್ತು! ಕಿವಿಯ ಪಕ್ಕದ ಕೂದಲು ಸುಟ್ಟ ವಾಸನೆ ನನ್ನ ಮೂಗಿಗೇ ಬಡಿಯುತ್ತಿತ್ತು...

"ರಿಪೋರ್ಟ್ ಎಲ್ಲಿ ಸೀನಿಯರ್?"

ಕೇಳಿದವನು ಗೂಳಿ. ಫುಟ್‌ಬಾಲ್ ಕ್ಲಬ್ಬಿನ ಸೆಕ್ಯೂರಿಟಿ ಮುಖ್ಯಸ್ಥ. ಒಂದೇ ಕೈಯಲ್ಲಿ ನನ್ನ ಎರಡೂ ಕೈ ತಿರುಚಿ, ಇಸ್ತ್ರಿ ಮೇಜಿನ ಮೇಲೆ ಬೋರಲು ಒತ್ತಿ ಹಿಡಿದಿದ್ದ. ಒಂದು ಕಾಲದಲ್ಲಿ ನಾವಿಬ್ಬರೂ ಒಬ್ಬರೇ ಮಾಸ್ತರರ ಹತ್ತಿರ ಫುಲ್ ಕಾಂಟ್ಯಾಕ್ಟ್ ಕರಾಟೆ ಕಲಿತವರು. ನಾನು ಅವನಿಗಿಂತ ಆರು ವರ್ಷ ಮೊದಲು ಸೇರಿದವಳು. ಹಾಗಾಗಿ ಮುಖ ಸುಡಲು ಬಂದಾಗಲೂ 'ಸೀನಿಯರ್' ಅನ್ನುತ್ತಾನೆ. ಮರ್ಯಾದಸ್ಥ!

"ಯಾವ ರಿಪೋರ್ಟು?"

"ಕೀಪರ್‌ದು. ತಲೆ ಸ್ಕ್ಯಾನ್ ಮಾಡ್ಸಿದ್ದು."

"ನಂಗೇನು ಗೊತ್ತು?"

ಇಸ್ತ್ರಿಪೆಟ್ಟಿಗೆ ಮೂರು ಬೆರಳಿಗೆ ಇಳಿಯಿತು.

ಗೊತ್ತಿಲ್ಲದೆ ಏನು ವಕೀಲರೇ! ಅದು ನನ್ನ ಎದೆಯ ಕೆಳಗೇ ಇತ್ತು. ಮೇಜಿಗೆ ಹಾಸಿದ್ದ ಕಂಬಳಿಯ ಅಡಿಯಲ್ಲಿ. ನನ್ನನ್ನು ಅದರ ಮೇಲೇ ಒತ್ತಿ ಹಿಡಿದು ಅದೆಲ್ಲಿ ಅಂತ ಕೇಳುತ್ತಿದ್ದ.

ಇರಿ. ಮೊದಲಿಂದ ಹೇಳುತ್ತೇನೆ, ಬರೆದುಕೊಳ್ಳಿ. ನನಗೆ ಕೂತು ಹೇಳುವ ಅಭ್ಯಾಸವಿಲ್ಲ, ಓಡಾಡುತ್ತಲೇ ಹೇಳುತ್ತೇನೆ. ನಿಮಗೆ ತಲೆ ಸುತ್ತಿದರೆ ಗೋಡೆ ನೋಡಿ.

ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಒಬ್ಬಳು ನನ್ನ ಪತ್ತೇದಾರಿ ಆಫೀಸಿಗೆ ಬಂದಳು. ಶಾಲೆ ಬಸ್ಸಿನ ಡ್ರೈವರ್. ಗಟ್ಟಿ ಹೆಂಗಸು. ಆದರೆ ಕೈಯಲ್ಲಿದ್ದ ಬಸ್ಸಿನ ಕೀ ಒಂದು ಕ್ಷಣವೂ ಸುಮ್ಮನಿರಲಿಲ್ಲ. ಗಿರಗಿರ ತಿರುಗಿಸುತ್ತಲೇ ಇದ್ದಳು.

"ಇವತ್ತು ನಾಲ್ಕು ಗಂಟೆಗೆ ಫೈನಲ್ ಮ್ಯಾಚು. ಕೀಪರ್ ನನ್ನ ತಮ್ಮ."

"ಖುಷಿ ವಿಷಯ ಅಲ್ವಾ?"

"ಆಡಿದ್ರೆ ಸಾಯ್ತಾನೆ."

ಎಂಟು ದಿನದ ಹಿಂದೆ ಪ್ರಾಕ್ಟೀಸಿನಲ್ಲಿ ಯಾರದ್ದೋ ಮೊಣಕಾಲು ತಮ್ಮನ ಕಣತಲೆಗೆ ಬಡಿದಿತ್ತು. ಎರಡು ನಿಮಿಷ ಎಚ್ಚರ ತಪ್ಪಿದ್ದ. ಆಮೇಲಿಂದ ದಿನಾ ವಾಂತಿ. ಲೋಟಕ್ಕೆ ನೀರು ಬಗ್ಗಿಸಿದರೆ ಪಕ್ಕಕ್ಕೆ ಸುರಿಯುತ್ತಾನೆ. ಎರಡು ಸಲ ಅಕ್ಕನನ್ನೇ 'ಅಮ್ಮಾ' ಅಂತ ಕೂಗಿದ. ಅಮ್ಮ ಹೋಗಿ ಒಂಬತ್ತು ವರ್ಷ! ಸ್ಕ್ಯಾನ್ ಮಾಡಿಸಿದ ಕ್ಲಬ್ ಡಾಕ್ಟರ್ 'ಏನೂ ಇಲ್ಲ' ಅಂದರಂತೆ. ರಿಪೋರ್ಟ್ ಮಾತ್ರ ಯಾರಿಗೂ ತೋರಿಸಲಿಲ್ಲ. ಮಾರನೆಯ ದಿನವೇ ತಮ್ಮನನ್ನು ಕ್ಲಬ್ಬಿನ ಹೋಟೆಲಿಗೆ ಸಾಗಿಸಿದರು. ಫೋನ್ ಸ್ವಿಚ್ ಆಫ್.

"ಪೊಲೀಸ್ ಹತ್ರ ಹೋದ್ರಾ?"

"ಹೋಗಿದ್ದೆ. ತಮ್ಮನ ಆಟೋಗ್ರಾಫ್ ಇಸ್ಕೊಡ್ತೀರಾ ಅಂತ ಕೇಳಿದ್ರು."

"ನಾನೇನು ಮಾಡ್ಬೇಕು?"

"ಏನಾದ್ರೂ ಮಾಡಿ, ಅವನು ಆಡಬಾರ್ದು. ಅಷ್ಟೇ. ಕಪ್ಪೂ ಬೇಡ, ಹೆಸರೂ ಬೇಡ. ಜೀವ ಇದ್ರೆ ಬೇಡ್ಕೊಂಡಾದ್ರೂ ತಿಂದಾನು..."

ಬಚ್ಚಿಟ್ಟದ್ದನ್ನು ಹೊರಗೆಳೆಯುವುದು ನನ್ನ ಕಸುಬು. ಆಡಲ್ಲ ಬಿಡಿ ಅಂತ ಮಾತು ಕೊಟ್ಟೆ.

ಮಾತು ಕೊಡುವುದು ಸುಲಭ!

ಸ್ಟೇಡಿಯಮ್ಮಿನೊಳಗೆ ನನ್ನನ್ನು ನುಗ್ಗಿಸಿದ್ದು ಕಿಟ್ ಅಜ್ಜ. ಮೂವತ್ತು ವರ್ಷದಿಂದ ಆಟಗಾರರ ಜೆರ್ಸಿ, ಬೂಟು, ಸಾಕ್ಸು ತೊಳೆದು ಜೋಡಿಸುವ ಮುದುಕ. ಅವನ ಮೊಮ್ಮಗಳು ಹೋಗುವುದು ನಮ್ಮ ಡ್ರೈವರಮ್ಮನ ಬಸ್ಸಿನಲ್ಲೇ. ನನಗೊಂದು ನೀಲಿ ಕೋಟು ತೊಡಿಸಿ, 'ಬಟ್ಟೆ ಮಡಿಚೋಕೆ ಬಂದವಳು' ಅಂತ ಗೇಟು ದಾಟಿಸಿದ. ಫೋನ್ ಗೇಟಿನಲ್ಲೇ ಕಿತ್ತುಕೊಂಡರು. ಮ್ಯಾಚ್ ದಿನ ಡ್ರೆಸಿಂಗ್ ರೂಮಿನ ಕಡೆಗೆ ಯಾರ ಫೋನನ್ನೂ ಬಿಡುವುದಿಲ್ಲ.

ಕಿಟ್ ರೂಮಿನಲ್ಲಿ ಅಜ್ಜ ಕೀಪರನ ಬೂಟಿನ ಜೊತೆ ಎತ್ತಿ ಹಿಡಿದ.

"ಲೇಸು ನೋಡಮ್ಮ. ಎಡಗಡೆ ಎರಡು ತೂತು ಬಿಟ್ಟು ಪೋಣಿಸಿದಾನೆ. ಎಂಟು ದಿನದಿಂದ ಹಿಂಗೇ. ನಾನು ಬಿಚ್ಚಿ ಸರಿ ಮಾಡ್ತೀನಿ, ಅವನು ಮತ್ತೆ ತಪ್ಪಾಗಿ ಕಟ್ತಾನೆ. ಎರಡೆರಡು ಕಾಣ್ತಿರ್ಬೇಕು ಕಣ್ಣಿಗೆ."

"ಇದನ್ನ ಯಾರಿಗಾದ್ರೂ ಹೇಳಿದ್ರಾ?"

"ನನ್ನ ಮಾತು ಯಾರು ಕೇಳ್ತಾರೆ? ಇದು ನೋಡು."

ಒಂದು ಹಾಳೆ ಕೊಟ್ಟ. ಆಸ್ಪತ್ರೆಯ ಸ್ಕ್ಯಾನ್ ರಿಪೋರ್ಟು! ಗರಿಗರಿಯಾಗಿತ್ತು.

ಅದು ಅಜ್ಜನ ಕೈಗೆ ಬಂದ ಕತೆ ಕೇಳಿ. ಆ ಕ್ಲಬ್ಬಿನ ಮೆಡಿಕಲ್ ರೂಮಿನವರಿಗೆ ಒಂದು ಚಾಳಿ. ಮಸಾಜ್ ಮೇಜಿನ ಮೇಲೆ ಏನೇ ಇರಲಿ, ಟವೆಲ್ ಸಮೇತ ಬಾಚಿ ಕೊಳೆಬಟ್ಟೆಯ ಬುಟ್ಟಿಗೆ ಎಸೆಯುತ್ತಾರೆ. ಟೇಪು, ಬ್ಯಾಂಡೇಜು, ಕತ್ತರಿ... ಒಂದು ಸಲ ಕೋಚಿನ ಹಲ್ಲಿನ ಸೆಟ್ಟೂ ಬಂದಿತ್ತಂತೆ. ಈ ರಿಪೋರ್ಟೂ ಹಾಗೇ ಒದ್ದೆ ಟವೆಲಿನ ಜೊತೆ ಬಂದಿತ್ತು. ಅಜ್ಜ ಅದಕ್ಕೆ ಇಸ್ತ್ರಿ ಹಾಕಿದ್ದ!

"ಮುದುರಿದ್ದು ಕಂಡ್ರೆ ಕೈ ಸುಮ್ನಿರಲ್ಲಮ್ಮ..."

ಓದಿದೆ. ಮಿದುಳಿನ ಹೊರಪದರದ ಕೆಳಗೆ ರಕ್ತ ಸೋರಿ ನಿಂತಿದೆ. ಆರು ತಿಂಗಳು ಆಟ ಬೇಡ. ಇನ್ನೊಂದು ಏಟು ಬಿದ್ದರೆ ಪ್ರಾಣಕ್ಕೆ ಅಪಾಯ. ಇಷ್ಟು ಬರೆದಿದ್ದರೂ ಕ್ಲಬ್ ಡಾಕ್ಟರ್ 'ಫಿಟ್' ಅಂತ ಸೈನ್ ಹಾಕಿದ್ದ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ!

ಕಾರಿಡಾರಿನ ಕೊನೆಯಲ್ಲಿ ಮ್ಯಾಚ್ ಡಾಕ್ಟರ್ ಇರುತ್ತಾರೆ. ಅವರು ಕ್ಲಬ್ಬಿನವರಲ್ಲ, ಟೂರ್ನಮೆಂಟಿನವರು. ರಿಪೋರ್ಟ್ ಅವರ ಕೈಗಿಟ್ಟರೆ ಕೆಲಸ ಮುಗಿಯಿತು.

ಎರಡು ಹೆಜ್ಜೆ ಇಟ್ಟಿರಲಿಲ್ಲ, ಹೊರಗೆ ಬೂಟಿನ ಸದ್ದು. ಹಾಳೆಯನ್ನು ಇಸ್ತ್ರಿ ಕಂಬಳಿಯ ಕೆಳಗೆ ತೂರಿಸಿದೆ. ರಿಪೋರ್ಟ್ ಕಾಣೆಯಾದದ್ದು ಗೊತ್ತಾಗಿ ಅದನ್ನೇ ಹುಡುಕುತ್ತ ಗೂಳಿ ಬಂದ. ಅಜ್ಜನನ್ನು ಬಟ್ಟೆ ಒಣಗಿಸುವ ಕೋಣೆಗೆ ದಬ್ಬಿ ಚಿಲಕ ಹಾಕಿದ. ನನ್ನ ಗುರುತು ಹಿಡಿದ.

ಆಮೇಲಿನದ್ದು ನಿಮಗೆ ಗೊತ್ತು. ಇಸ್ತ್ರಿಪೆಟ್ಟಿಗೆ... ಮೂರು ಬೆರಳು...

"ಕೊನೇ ಸಲ ಕೇಳ್ತೀನಿ ಸೀನಿಯರ್."

"ಕೇಳು."

ಹಿಮ್ಮಡಿ ಎತ್ತಿ ಅವನ ಮೊಣಕಾಲಿನ ಕೆಳಗಿನ ಮೂಳೆಗೆ ಬಾರಿಸಿದೆ. ಹಿಡಿತ ಸಡಿಲವಾಯಿತು. ಇಸ್ತ್ರಿಪೆಟ್ಟಿಗೆ ನೆಲಕ್ಕೆ ಬಿತ್ತು. ಹೊರಳಿ ಎದ್ದು ನಿಂತೆ.

ಈಗ ಎದುರಾಬದುರು.

ಒಂದು ವಿಷಯ ತಿಳಿದುಕೊಳ್ಳಿ. ಫುಲ್ ಕಾಂಟ್ಯಾಕ್ಟ್ ಅಂದರೆ ಎಲ್ಲಿಗೆ ಬೇಕಾದರೂ ಹೊಡೆಯಬಹುದು ಅಂತ ಜನ ಅಂದುಕೊಳ್ಳುತ್ತಾರೆ. ಇಲ್ಲ. ಕೈಗೆ ಗ್ಲೌಸಿಲ್ಲ, ಮೈಗೆ ಕವಚವಿಲ್ಲ, ಎದೆ ಹೊಟ್ಟೆ ತೊಡೆ ಎಲ್ಲಾ ಜಜ್ಜಬಹುದು. ಆದರೆ ಮುಷ್ಟಿಯಿಂದ ಮುಖಕ್ಕೆ ಹೊಡೆಯುವಂತಿಲ್ಲ. ಹೊಡೆದರೆ ಫೌಲ್. ಹದಿನೈದು ವರ್ಷ ಹಾಗೇ ಆಡಿದವರ ಕೈ ಪಕ್ಕೆಲುಬನ್ನೇ ಕಾಯುತ್ತದೆ. ಮುಖ ಬಾಗಿಲಿಲ್ಲದ ಮನೆ!

ಗೂಳಿಯ ಮುಖ ಬಟಾಬಯಲಾಗಿ ನನ್ನೆದುರು ಇತ್ತು.

ಗುರಿಯಿಟ್ಟು ಗುದ್ದಿದೆ. ಎದೆಗೆ ಬಿತ್ತು.

ಇನ್ನೊಂದು. ಅದೂ ಎದೆಗೇ!

ಮೂರನೆಯದು ಹೊಟ್ಟೆಗೆ. ನನ್ನ ಕೈಯೇ ನನ್ನ ಮಾತು ಕೇಳುತ್ತಿಲ್ಲ. ಗೂಳಿ ನಕ್ಕ.

"ನಿಮ್ಗೂ ಬರಲ್ಲ ಅಲ್ವಾ ಸೀನಿಯರ್?"

ನಾಚಿಕೆಯಾಯಿತು ನನಗೆ. ಜೊತೆಗೆ ಸಿಟ್ಟು ನೆತ್ತಿಗೇರಿತು. ಮುಷ್ಟಿಯನ್ನು ಕರಾಟೆ ಮಾಸ್ತರರು ಪಳಗಿಸಿದ್ದರು, ನಿಜ. ಅಂಗೈಯನ್ನು ಪಳಗಿಸಿದವಳು ನಮ್ಮಮ್ಮ! ಕೈ ಬಿಚ್ಚಿ, ಅಮ್ಮ ನನಗೆ ಹೊಡೆಯುತ್ತಿದ್ದ ಹಾಗೇ, ಬೀಸಿ ಕಪಾಳಕ್ಕೆ ಬಿಟ್ಟೆ.

ಫಟೀರ್!

ನೂರು ಕೆ.ಜಿ. ಆಳು ಕೆನ್ನೆ ಹಿಡಿದುಕೊಂಡು ನಿಂತುಬಿಟ್ಟ. ಕಣ್ಣಲ್ಲಿ ನೀರು. ಹೋಂವರ್ಕ್ ಮಾಡದೆ ಬಂದವನ ಹಾಗೆ ನೋಡಿದ. ಅಷ್ಟು ಹೊತ್ತು ಸಾಕಾಗಿತ್ತು. ಭುಜ ಕೊಟ್ಟು ತಳ್ಳಿದೆ. ಕೊಳೆಬಟ್ಟೆಯ ದೊಡ್ಡ ಬುಟ್ಟಿಯೊಳಕ್ಕೆ ಕುಂಡೆ ಊರಿ ಬಿದ್ದ. ಕಾಲು ಮೇಲೆ! ಅಜ್ಜನ ಬಾಗಿಲ ಚಿಲಕ ತೆಗೆದೆ. ಅಜ್ಜ ಹೊರಗೆ ಬಂದವನೇ ಒದ್ದೆ ಜೆರ್ಸಿಗಳ ಮೂಟೆಯನ್ನು ಅವನ ಮೇಲೆ ಕವುಚಿ, ಮೇಲೆ ತಾನು ಕೂತ.

"ನೀನು ಹೋಗಮ್ಮ. ಇವನನ್ನ ನಾನು ನೆನೆಹಾಕಿರ್ತೀನಿ."

ಹಾಳೆ ಎಳೆದುಕೊಂಡು ಓಡಿದೆ.

ಮೂರೂ ನಲವತ್ತು. ತಲೆಯ ಮೇಲೆ ನಲವತ್ತು ಸಾವಿರ ಜನ ಕಾಲು ಬಡಿಯುತ್ತಿದ್ದರು. ಕಾರಿಡಾರಿನ ಟ್ಯೂಬ್‌ಲೈಟುಗಳು ಅದುರುತ್ತಿದ್ದವು. ಸ್ಪ್ರೇ ವಾಸನೆ, ಹುಲ್ಲಿನ ವಾಸನೆ. ಎದುರಿಗೆ ಬಂದ ಇಬ್ಬರು ಗಾರ್ಡುಗಳಿಗೆ "ಸಾಕ್ಸ್ ಕಮ್ಮಿ ಬಿದ್ದಿದೆ!" ಅಂತ ಕಿರುಚಿದೆ. ದಾರಿ ಬಿಟ್ಟರು. ಫೈನಲ್ ದಿನ ಸಾಕ್ಸ್ ಕಮ್ಮಿ ಬೀಳುವುದಕ್ಕಿಂತ ದೊಡ್ಡ ಅನಾಹುತ ಇಲ್ಲ.

ಮ್ಯಾಚ್ ಡಾಕ್ಟರ್ ಬಾಗಿಲು ಹತ್ತು ಹೆಜ್ಜೆ ದೂರ.

ಪಕ್ಕದ ಟಾಯ್ಲೆಟ್ಟಿನಿಂದ ಬಾಯಿ ಒರೆಸಿಕೊಳ್ಳುತ್ತ ಒಬ್ಬ ಹೊರಗೆ ಬಂದ. ಹಳದಿ ಜೆರ್ಸಿ. ಮುಖ ಸುಣ್ಣದ ಗೋಡೆ. ಕೀಪರ್!

"ನಿಮ್ಮಕ್ಕ ಕಳ್ಸಿದಾರೆ. ಇದು ನಿಮ್ಮ ರಿಪೋರ್ಟು. ಓದಿ."

ಅವನ ತಲೆ, ಅವನೇ ಓದಲಿ ಅಂದುಕೊಂಡೆ. ಕೈಗೆ ಕೊಟ್ಟುಬಿಟ್ಟೆ. ದೊಡ್ಡ ತಪ್ಪು!

ಅವನು ಓದಲೇ ಇಲ್ಲ.

"ನಂಗೊತ್ತು."

"ಏನು ಗೊತ್ತು?"

"ಎಲ್ಲಾ. ಯಾರಿಗೂ ತೋರಿಸ್ಬೇಡಿ ಅಂತ ಡಾಕ್ಟರ್ ಕಾಲು ಹಿಡಿದೋನೇ ನಾನು."

ಅವನು ಹಾಳೆಯನ್ನು ಎರಡು ಮಾಡಿದ. ನಾಲ್ಕು ಮಾಡಿದ. ಕೈ ಹಾಕುವಷ್ಟರಲ್ಲಿ ಬಾಯಿಗೆ ತುರುಕಿಕೊಂಡ. ಅಗಿಯುತ್ತ ನನ್ನನ್ನೇ ನೋಡಿದ. ಎರಡು ನಾನು ಕಂಡಿರಬೇಕು, ಯಾರನ್ನು ನೋಡಿದನೋ!

"ಉಗೀರಿ!"

"ಏಳು ವರ್ಷ ಮೇಡಂ..." ನುಂಗಿದ. "ಏಳು ವರ್ಷ ಬೆಂಚ್ ಮೇಲೆ ಕೂತಿದೀನಿ. ಬೇರೆಯವರಿಗೆ ನೀರು ಕೊಟ್ಟಿದೀನಿ. ಮೊದಲನೇ ಫೈನಲ್ ಇದು. ಬಿಟ್ಬಿಡಿ. ಕೈ ಮುಗೀತೀನಿ."

"ಸತ್ರೆ?"

"ಗೋಲ್ ಮುಂದೆ ತಾನೇ? ಸಾಯ್ತೀನಿ ಬಿಡಿ."

ಸದ್ದಿಗೆ ಡಾಕ್ಟರ್ ಬಾಗಿಲು ತೆಗೆದರು.

"ಏನು ಗಲಾಟೆ?"

"ಇವರ ತಲೇಲಿ ರಕ್ತ ನಿಂತಿದೆ ಡಾಕ್ಟ್ರೇ! ಆಡಿಸ್ಬೇಡಿ!"

"ಪೇಪರ್ ಇದೆಯಾ?"

"ತಿಂದ್ಬಿಟ್ರು."

ಡಾಕ್ಟರು ನನ್ನ ನೀಲಿ ಕೋಟನ್ನು ಮೇಲಿಂದ ಕೆಳಗೆ ನೋಡಿದರು. ಕೀಪರ್ ಹಲ್ಲು ಕಿರಿದು ನಿಂತಿದ್ದ.

"ನೋಡಮ್ಮ, ಕ್ಲಬ್ ಡಾಕ್ಟರ್ ಫಿಟ್ ಅಂತ ಬರೆದುಕೊಟ್ಟಿದಾರೆ. ಬಟ್ಟೆ ಒಗೆಯೋರ ಮಾತು ಕೇಳಿ ಫೈನಲ್ ಕೀಪರನ್ನ ಕೂರಿಸೋಕಾಗುತ್ತಾ?"

ಮೈದಾನದ ಕಡೆಯಿಂದ ಸೀಟಿ ಕೇಳಿಸಿತು. ತಂಡಗಳು ಸಾಲು ನಿಲ್ಲಬೇಕು. ಕೀಪರ್ ಗ್ಲೌಸ್ ಬಿಗಿದುಕೊಂಡು ಹೊರಟ. ಹೋಗುವಾಗ ಎಡಗಡೆ ಗೋಡೆಗೆ ಭುಜ ತಾಗಿತು. ಸಾವರಿಸಿಕೊಂಡು ಮತ್ತೆ ನಡೆದ.

ನನ್ನ ಕೈಯಲ್ಲಿ ಕಾಗದವಿಲ್ಲ, ಫೋನಿಲ್ಲ. ಮಾತಿಗೆ ಬೆಲೆಯಿಲ್ಲ. ಇದ್ದದ್ದು ಒಂದೇ, ನಾನು ಕಲಿತ ವಿದ್ಯೆ. ತೊಡೆಯ ಹೊರಮಗ್ಗುಲಿಗೆ, ಮೊಣಕಾಲಿನಿಂದ ಒಂದು ಗೇಣು ಮೇಲೆ, ಮುಂಗಾಲಿನ ಮೂಳೆಯಿಂದ ಸರಿಯಾಗಿ ಒಂದು ಬಿದ್ದರೆ ಎಂಥ ಆಳಿಗೂ ಆ ಕಾಲು ಎರಡು ದಿನ ತನ್ನದಲ್ಲ. ಅದಕ್ಕೇ ನನಗೆ ಎರಡು ಕಪ್ ಬಂದಿದ್ದವು.

ಒದೆಯುವುದು ದೊಡ್ಡದಲ್ಲ ವಕೀಲರೇ. ಬೀಳುವಾಗ ತಲೆ ನೆಲಕ್ಕೆ ಬಡಿದರೆ? ಕೆಳಗೆ ಸಿಮೆಂಟು! ಉಳಿಸಲು ಬಂದವಳೇ ಕೊಂದ ಹಾಗಾಗುತ್ತದೆ.

ಓಡಿದೆ. ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

"ಕ್ಷಮಿಸಪ್ಪ!" ಅಂದೆ. ಒದ್ದೆ.

ಕಾಲು ಕುಸಿಯಿತು. ಅವನು ಹಿಂದಕ್ಕೆ ವಾಲಿದ. ನಾನು ನೆಲದ ಮೇಲೆ ಉದ್ದಕ್ಕೆ ಹಾರಿದೆ, ಯಾವ ಕೀಪರೂ ಹಾರದ ಹಾಗೆ! ನನ್ನ ಮೊಣಕೈ ಎರಡೂ ಸಿಮೆಂಟಿಗೆ ಉಜ್ಜಿ ಚರ್ಮ ಕಿತ್ತುಬಂತು. ಅಂಗೈ ಮೇಲೆ ಭಾರವಾದದ್ದೊಂದು ಬಿತ್ತು.

ತಲೆ.

ನೆಲಕ್ಕೆ ತಾಗಿರಲಿಲ್ಲ.

ಅವನು ಎದ್ದು ನಿಲ್ಲಲು ನೋಡಿದ. ಆಗಲಿಲ್ಲ. ಮತ್ತೆ ನೋಡಿದ. ಆಮೇಲೆ ನನ್ನ ಕೈಯ ಮೇಲೆ ತಲೆಯಿಟ್ಟುಕೊಂಡೇ ಬಿಕ್ಕಿ ಬಿಕ್ಕಿ ಅತ್ತ. ನಡುನಡುವೆ ನನ್ನ ವಂಶದವರನ್ನೆಲ್ಲ ಬೈದ. ಬೈಯಲಿ ಅಂತ ಬಿಟ್ಟೆ. ನನಗೂ ಅಳು ಬಂದಿತ್ತು. ಗಾರ್ಡುಗಳು ಬಂದು ನನ್ನನ್ನು ಎಳೆಯುವವರೆಗೂ ತಲೆ ಬಿಡಲಿಲ್ಲ.

ಅಂಬ್ಯುಲೆನ್ಸಿನ ಬಾಗಿಲ ಹತ್ತಿರ ಅವನ ಅಕ್ಕ ಕಾದಿದ್ದಳು. ಸ್ಟ್ರೆಚರ್ ನೋಡಿದಳು. ನನ್ನನ್ನೂ, ನನ್ನ ತೋಳು ಹಿಡಿದಿದ್ದ ಇಬ್ಬರನ್ನೂ ನೋಡಿದಳು.

"ಎಲ್ಲಿಗೆ ಏಟು?"

"ತೊಡೆಗೆ."

"ಆಡಬಾರ್ದು ಅಂದಿದ್ದೆ. ಒದೀರಿ ಅಂದಿರ್ಲಿಲ್ಲ."

"ಏನಾದ್ರೂ ಮಾಡಿ ಅಂದಿದ್ರಿ."

ಅವಳು ಅಂಬ್ಯುಲೆನ್ಸ್ ಹತ್ತಿ ತಮ್ಮನ ಪಕ್ಕ ಕೂತಳು. ಆಸ್ಪತ್ರೆ ಮುಟ್ಟುತ್ತಲೇ ಕಾಲು ಆಮೇಲೆ ನೋಡಿ, ಮೊದಲು ತಲೆ ನೋಡಿ ಅಂತ ಬಾಗಿಲಿಗೆ ಅಡ್ಡ ನಿಂತಳಂತೆ. ಸ್ಕ್ಯಾನ್ ಆಯಿತು. ಸಂಜೆ ಆರಕ್ಕೆ ತಲೆ ತೆರೆದು ರಕ್ತ ತೆಗೆದರು. ಮೈದಾನಕ್ಕೆ ಇಳಿದಿದ್ದರೆ ಮೊದಲನೇ ಕಾರ್ನರಿಗೇ ಮುಗಿಯುತ್ತಿತ್ತು ಅಂದರಂತೆ ಸರ್ಜನ್. ನಮ್ಮ ತಂಡ ಮೂರು ಗೋಲು ತಿಂದು ಸೋತಿತು. ಊರಿಗೆ ಊರೇ ನನಗೆ ಶಾಪ ಹಾಕುತ್ತಿದೆ.

ಅವನು ಬದುಕಿದ. ಬದುಕಿದವನು ಮಾಡಿದ ಮೊದಲನೇ ಕೆಲಸ, ನನ್ನ ಮೇಲೆ ಕಂಪ್ಲೇಂಟು! ನೀವು ಬೇಜಾರು ಮಾಡಿಕೊಂಡಿದ್ದೀರಿ, ಕೇಸು ಗಟ್ಟಿಯಾಗಿದೆ ಅಂತ. ಅವನು ಬರೆದುಕೊಟ್ಟ ಕಂಪ್ಲೇಂಟನ್ನು ನಾನೂ ಓದಿದೆ. ಎರಡು ಸಲ ಓದಿದೆ. ಒದ್ದದ್ದು ಬಲಗಾಲಿನಿಂದ, ಬಿದ್ದದ್ದು ಎಡತೊಡೆಗೆ, ಸಮಯ ಮೂರೂ ಐವತ್ತು, ಕೋಟು ನೀಲಿ, ಒದೆಯುವ ಮುಂಚೆ 'ಕ್ಷಮಿಸಪ್ಪ' ಅಂದಳು...

ಒಂದೂ ತಪ್ಪಿಲ್ಲ ವಕೀಲರೇ. ನನಗೆ ಜೈಲಾದರೂ ಆಗಲಿ, ಹುಡುಗನ ತಲೆ ನೆಟ್ಟಗಾಗಿದೆ!