ಆಲೆಮನೆಯ ಹೊಸ್ತಿಲು

ದಫೇದಾರ ಎತ್ತಿದ ಲಾಠಿಗೂ ಚಿಕ್ಕಮಾದುವಿನ ಬೆನ್ನಿಗೂ ನಡುವೆ ಹೊನ್ನಯ್ಯ ಮೇಷ್ಟ್ರು ನುಗ್ಗಿದರು. ಏಟು ಅವರ ಕೊಡೆಗೆ ಬಿತ್ತು.

"ನಾನಲ್ಲ ಬುದ್ದಿ," ಎಂದ ಚಿಕ್ಕಮಾದು, ಮುದುಡಿ ಕೂತಲ್ಲಿಂದಲೇ. "ಒಲೆ ಆರ್ಸಿ ರಾತ್ರೀನೇ ಮನೆಗೆ ಓಗಿದ್ದೆ, ಬೆಳಿಗ್ಗೇನೇ ಬಂದಿದ್ದು."

"ಬರಿಗಾಲ ಗುರ್ತು ಐತಲ್ಲ ಲೇ. ನಿನ್ನ ಕಾಲಲ್ಲಿ ಗಾಯಾನೂ ಐತೆ," ಎಂದ ದಫೇದಾರ.

"ಅದು ಕಬ್ಬಿನ ಕೂಳೆ ತರಚಿದ್ದು."

ಎರಡನೆಯ ಮಹಾಯುದ್ಧ ಶುರುವಾಗಿ ನಾಲ್ಕನೆಯ ವರ್ಷ. ಪೆಟ್ರೋಲಿಗೆ ಬರ. ಗೆಜ್ಜಲಗೆರೆಯ ಆ ಆಲೆಮನೆಯ ಮೂಲೆಯಲ್ಲಿ ಅಫ್ಸರ್ ಪಾಷಾ ಎಂಬ ಎಳೆಯ ಎಂಜಿನಿಯರು ಕಬ್ಬಿನ ಸಿಪ್ಪೆಯಿಂದ ಗ್ಯಾಸು ತೆಗೆದು ಲಾರಿ ಓಡಿಸುವ ಯಂತ್ರ ಕಟ್ಟಿದ್ದ. ಸೈನ್ಯದ ಸಂಶೋಧನಾ ಸಮಿತಿ ವರ್ಷಕ್ಕೊಮ್ಮೆ, ಇಂತಿಷ್ಟೇ ವಯಸ್ಸಿನೊಳಗಿನ ಒಬ್ಬನೇ ಒಬ್ಬ ಹೊಸ ಎಂಜಿನಿಯರಿಗೆ ಅನುದಾನ ಕೊಡುತ್ತಿತ್ತು. ಯಂತ್ರ ನೋಡಲು ಕ್ಯಾಪ್ಟನ್ ಮುದ್ದಯ್ಯ ಮಧ್ಯಾಹ್ನ ಬರುವವರಿದ್ದರು. ಬೆಳಿಗ್ಗೆ ನೋಡಿದರೆ ಯಂತ್ರದ ಗಾಜಿನ ಅಳತೆ ಕೊಳವೆ ಚೂರುಚೂರು. ಪಕ್ಕದ ಬೂದಿಯಲ್ಲಿ ರಕ್ತ ಹತ್ತಿದ ಬರಿಗಾಲ ಗುರುತು. ಸೈನ್ಯದ ಕೆಲಸ ಕೆಡಿಸಿದವನಿಗೆ ಆ ದಿನಗಳಲ್ಲಿ ಜೈಲು ಖಚಿತ. ಚಿಕ್ಕಮಾದು ಅಲ್ಲಿಯ ಒಲೆಯಾಳು.

ಹೊನ್ನಯ್ಯನವರಿಗೆ ಉಳಿದಿದ್ದ ಭರವಸೆ ತಮ್ಮ ಗೆಳೆಯ ಕೆಂಪಸಿದ್ದಯ್ಯ ಒಬ್ಬರೇ. ಜಮೀನು ಅಳೆಯುತ್ತಿದ್ದ ಮದ್ದೂರಿನ ನಿವೃತ್ತ ಮೋಜಣಿದಾರರು; ತಾಲ್ಲೂಕಿನ ಅರ್ಧ ಕಳ್ಳತನಗಳನ್ನು ಜಗಲಿಯಲ್ಲಿ ಕೂತೇ ಬಿಡಿಸಿದವರು. ಈಗ ಹುರಿಗಡಲೆ ಅಗಿಯುತ್ತ ಬೂದಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಅಫ್ಸರನ ಅಂಗಾಲು ನೋಡಿದರು, ಗಾಯವಿರಲಿಲ್ಲ. ಆಮೇಲೆ ಚಿಕ್ಕಮಾದುವಿನಿಂದ ಹಳೆಯ ಗುರುತಿನ ಪಕ್ಕದಲ್ಲೇ ಒಂದು ಹೆಜ್ಜೆ ಊರಿಸಿದರು. ಹೊನ್ನಯ್ಯ ಬಗ್ಗಿ ನೋಡಿದರು. ಚಿಕ್ಕಮಾದುವಿನ ಬೆರಳುಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು. ಹಳೆಯ ಗುರುತಿನವು ಒಂದಕ್ಕೊಂದು ಒತ್ತಿಕೊಂಡಿದ್ದವು. ಕಂಡಿತು, ಅರ್ಥವಾಗಲಿಲ್ಲ.

"ಈ ಅನುದಾನಕ್ಕೆ ಇನ್ಯಾರು ಕಾಯ್ತಾವ್ರೆ?" ಎಂದರು ಕೆಂಪಸಿದ್ದಯ್ಯ.

"ಅಂಕಯ್ಯ ಒಬ್ಬನೇ. ನನ್ನ ಜೊತೆ ಓದಿದೋನು," ಎಂದ ಅಫ್ಸರ್. "ಆದರೆ ಅವನು ಮಲಗೋವಾಗಲೂ ಬೂಟು ಬಿಚ್ಚೋನಲ್ಲ."

"ಯಾವೂರು?"

"ಬಸರಾಳು. ಅವರಪ್ಪಂದೂ ಆಲೆಮನೆ."

ಕೆಂಪಸಿದ್ದಯ್ಯನವರ ದವಡೆ ನಿಂತಿತು. ಅಂಕಯ್ಯನಿಗೆ ಹೇಳಿಕಳಿಸಿದರು.

ಮಧ್ಯಾಹ್ನ ಎಲ್ಲರೂ ಸೇರಿದರು. ಒಲೆ ಇರುವ ಜಾಗಕ್ಕೆ ಆ ಸೀಮೆಯಲ್ಲಿ ಯಾರೂ ಮೆಟ್ಟು ಮೆಟ್ಟಿ ಹೋಗುವುದಿಲ್ಲ. ಅಫ್ಸರನ ಚಪ್ಪಲಿಯೂ ಹೊರಗೇ ಇತ್ತು. ಕೊಡಗಿನವರಾದ ಕ್ಯಾಪ್ಟನ್ ಮಾತ್ರ ತಿಳಿಯದೆ ಬೂಟಿನಲ್ಲೇ ಒಳಗೆ ಬಂದರು. ಅಂಕಯ್ಯ ಹೊಳೆಯುವ ಬೂಟಿನಲ್ಲಿ ಬಾಗಿಲಾಚೆ ನಿಂತ.

"ಒಳಗೆ ಬನ್ನಿ," ಎಂದರು ಕೆಂಪಸಿದ್ದಯ್ಯ.

"ಇಲ್ಲಿಗೇ ಕೇಳುತ್ತೆ."

"ಸಾಯೇಬ್ರು ಬೂಟಲ್ಲೇ ಬಂದವ್ರೆ. ನೀವೂ ಅಂಗೇ ಬನ್ನಿ."

ಅಂಕಯ್ಯನ ಕಾಲು ಎದ್ದಿತು, ಹೊಸ್ತಿಲ ಮೇಲೆ ತಡೆಯಿತು, ಮತ್ತೆ ಹಿಂದಕ್ಕೆ ಇಳಿಯಿತು.

"ನೋಡಿದ್ರಾ," ಎಂದರು ಕೆಂಪಸಿದ್ದಯ್ಯ. "ಬೂದೀಲಿರೋದು ಬರಿಗಾಲೇ. ಆದ್ರೆ ಬರಿಗಾಲಲ್ಲಿ ಬೆಳೆದೋನ ಬೆರಳು ಅರಳಿರ್ತವೆ. ಇವು ವರ್ಷಗಟ್ಟಲೆ ಬೂಟಿನೊಳಗೆ ಸೆರೆ ಕೂತ ಬೆರಳು. ಹೊರಗಿನೋನಾಗಿದ್ರೆ ಬೂಟಲ್ಲೇ ನುಗ್ತಿದ್ದ, ಗಾಜು ಚುಚ್ತಿರಲಿಲ್ಲ. ಈತ ಹಾಳು ಮಾಡಾಕೆ ಬಂದ್ರೂ ಒಲೆಗೆ ಹೆದರಿ ಬೂಟು ಬಿಚ್ಚಿಟ್ಟು ಬಂದವ್ನೆ. ಬೂಟು ಹಾಕೋನು, ಆಲೆಮನೇಲಿ ಹುಟ್ಟಿದೋನು, ಈ ಯಂತ್ರ ಓಡಬಾರದು ಅನ್ನೋನು. ಅಂಕಯ್ಯ, ಈಗ ಬಿಚ್ಚಿದ್ರೆ ಗಾಯ ಕಾಣ್ತದೆ. ಬಿಚ್ಚದೆ ಬರಾಕೆ ನಿಮ್ಮಪ್ಪ ಕಲಿಸಿದ್ದು ಬುಡ್ತಿಲ್ಲ."

ಅಂಕಯ್ಯ ನಿಂತಲ್ಲೇ ಕುಸಿದು ಕೂತು ಲೇಸು ಬಿಚ್ಚಿದ. ಒಳಗಿನ ಬಟ್ಟೆಪಟ್ಟಿ ಕೆಂಪಾಗಿತ್ತು.

"ಬರೋ ವರ್ಷಕ್ಕೆ ನಂಗೆ ವಯಸ್ಸು ಮೀರ್ತದೆ ಕಣ್ಲಾ ಅಫ್ಸರ್," ಎಂದ. "ಇದೇ ಕೊನೇದಾಗಿತ್ತು."

ಕ್ಯಾಪ್ಟನ್ ಅಫ್ಸರನನ್ನು ಪಕ್ಕಕ್ಕೆ ಕರೆದರು. ಮಾತು ಎಲ್ಲರಿಗೂ ಕೇಳುತ್ತಿತ್ತು.

"ಸಮಿತಿಯ ಅಧ್ಯಕ್ಷರು ಈ ಅಂಕಯ್ಯನ ಸೋದರಮಾವ. ಇದು ಮೇಲಕ್ಕೆ ಹೋಗೋ ಹಾಗಿಲ್ಲ. ಅನುದಾನ ನಿಮ್ಮದೇ, ಬೆಂಗಳೂರಿನಿಂದ ಬೇರೆ ಕೊಳವೆಯೂ ಬರುತ್ತೆ. ಒಲೆಯಾಳಿನ ತಪ್ಪಿನಿಂದ ಒಡೆಯಿತು ಅಂತ ವರದಿಗೆ ಒಂದು ಸಹಿ ಹಾಕಿ. ಇಲ್ಲವಾದರೆ ಅನುದಾನವೂ ಇಲ್ಲ. ಅವನಿಗೆ ಜೈಲಾಗದ ಹಾಗೆ ನೋಡಿಕೊಳ್ತೀನಿ. ಕೆಲಸ ಬಿಟ್ಟು ಹೋದರೆ ಸಾಕು."

ಪೆನ್ನು ಚಾಚಿದರು. ಅಫ್ಸರ್ ತೆಗೆದುಕೊಂಡ. ಎಣ್ಣೆಮಸಿ ಹತ್ತಿದ ಅವನ ಬೆರಳು ವರದಿಯ ಕೊನೆಯ ಸಾಲಿಗೆ ಬಂದು ನಿಲ್ಲುವುದನ್ನು ಹೊನ್ನಯ್ಯ ನೋಡುತ್ತಲೇ ಇದ್ದರು.

"ಆಕ್ಬುಡಿ ಸಾಮಿ," ಎಂದ ಚಿಕ್ಕಮಾದು. "ಬ್ಯಾರೆ ಒಲೆ ನೋಡ್ಕೋತೀನಿ. ನಂದೇನು ಓಯ್ತದೆ."

ಅಫ್ಸರ್ ಯಂತ್ರದ ಕಡೆಗೊಮ್ಮೆ ನೋಡಿ, ಪೆನ್ನಿಗೆ ಮುಚ್ಚಳ ಹಾಕಿ, ಕ್ಯಾಪ್ಟನ್‌ರ ಕೈಗೇ ಇಟ್ಟ.

"ಹಾಕೋದಿಲ್ಲ."