ಡ್ರೈವರಕ್ಕನ ಶರ್ಟಿನ ಬೆನ್ನು

ನಾಲ್ಕನೇ ಚೌಕ ಕತ್ತರಿಸಿ ಪಕ್ಕಕ್ಕಿಟ್ಟ ಮೇಲೆ ಕಡ್ಡಿ ಆ ನೀಲಿ ಬಟ್ಟೆಯನ್ನು ಮಗುಚಿದಳು. ಎದುರಿಗೆ ಒಂದು ಜೇಬು. ಜೇಬಿಗೆ ಪಿನ್ ಚುಚ್ಚಿದ ಒಂದು ಚೀಟಿ.

'ಎರಡು ಗುಂಡಿ ಹಾಕಬೇಕು. ನಾಳೆ ಬೆಳಿಗ್ಗೆ ಡ್ಯೂಟಿಗೆ ಬೇಕೇ ಬೇಕು.'

ಅದು ಡ್ರೈವರಕ್ಕನ ಶರ್ಟು. ಸಿಟಿ ಬಸ್ ಓಡಿಸುವ ಡ್ರೈವರಕ್ಕನ ಯೂನಿಫಾರ್ಮ್ ಶರ್ಟು. ಅದರ ಬೆನ್ನಿನಲ್ಲಿ ಈಗ ಕಿಟಕಿಯಂಥ ತೂತು. ಆ ಕಿಟಕಿಯಿಂದ ಕಡ್ಡಿಗೆ ಮೇಜಿನ ಹಲಗೆ ಕಾಣುತ್ತಿತ್ತು.

ಸಣಕಲಾಗಿ ಉದ್ದಕ್ಕೆ ಬೆಳೆದಿದ್ದಳೆಂದು ಮನೆಯವರೆಲ್ಲ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಸ್ಕೂಲ್ ಬಿಟ್ಟ ಮೇಲೆ, ಅಮ್ಮ ಆಫೀಸಿನಿಂದ ಬರುವವರೆಗೂ ಅವಳು ಇರುತ್ತಿದ್ದುದು ದೊಡ್ಡಮ್ಮನ ಮನೆಯಲ್ಲಿ. ದೊಡ್ಡಮ್ಮ ಹಳೇ ಬಟ್ಟೆ ಜೋಡಿಸಿ ಹೊದೆಯುವ ಕೌದಿ ಹೊಲಿಯುವವಳು. ಮುಂದಿನ ಕೋಣೆಯ ತುಂಬ ಬಟ್ಟೆ. ಗೋಡೆಯ ಪಕ್ಕ ಬಣ್ಣಬಣ್ಣದ ಗಂಟುಗಳು, ಕಿಟಕಿಯ ಕೆಳಗೆ ಹೊಲಿಗೆ ಮಿಷನ್ನು, ನಡುವೆ ಬಾಗಿಲಿನಷ್ಟು ಉದ್ದದ ಮೇಜು. ಊರಿನವರು ಸವೆದ ಸೀರೆ, ಹಳೇ ಪರದೆ, ಮಕ್ಕಳಿಗೆ ಗಿಡ್ಡವಾದ ಫ್ರಾಕು ತಂದು ಅಲ್ಲಿ ಸುರಿಯುತ್ತಿದ್ದರು. ತಿಂಗಳು ಕಳೆದು ಬಂದರೆ ಅದೇ ಬಟ್ಟೆಯಲ್ಲಿ ಕೌದಿ ತಯಾರಾಗಿರುತ್ತಿತ್ತು. ತಮ್ಮದೇ ಸೀರೆಯ ಗುರುತು ಸಿಗದೆ ಎಷ್ಟೋ ಜನ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು.

ಕಡ್ಡಿಗೆ ದೊಡ್ಡಮ್ಮ ಎಂದರೆ ಮಂತ್ರವಾದಿಗಿಂತ ಒಂದು ಕೈ ಮೇಲು. ಕಣ್ಣು ಮುಚ್ಚಿ ಮುಟ್ಟಿ ನೋಡಿ, ಇದು ಎಷ್ಟು ಸಲ ಒಗೆದ ಬಟ್ಟೆ ಎಂದು ಹೇಳಿಬಿಡುತ್ತಿದ್ದಳು.

ಅಂಥ ದೊಡ್ಡಮ್ಮ ಇವತ್ತು ದಾರದ ಅಂಗಡಿಗೆ ಹೊರಡುವಾಗ, "ಹಸಿರು ಚೀಲದಲ್ಲಿರೋದನ್ನ ಕತ್ತರಿಸಿಡು, ಬೇಕರಿಯವರ ಕೌದಿಗೆ. ರಟ್ಟಿನ ಚೌಕ ಇಟ್ಟು ಗೆರೆ ಎಳ್ಕೋ, ಆಮೇಲೆ ಕತ್ತರಿ" ಎಂದಿದ್ದಳು. ಹಸಿರು ಚೀಲ ಬೇಗ ಖಾಲಿಯಾಯಿತು. ಇಪ್ಪತ್ತು ಬೇಕಿತ್ತು, ಹದಿನಾರಾಗಿತ್ತು. ಕುರ್ಚಿಯ ಮೇಲೆ ಮಡಿಸಿಟ್ಟ ನೀಲಿ ಬಟ್ಟೆ ಕಂಡಿತು. ಇದೂ ಯಾರೋ ತಂದುಕೊಟ್ಟ ಹಳೇ ಬಟ್ಟೆಯೇ, ಎಲ್ಲ ಮುಗಿಸಿಟ್ಟರೆ ದೊಡ್ಡಮ್ಮ 'ಭೇಷ್' ಅನ್ನುತ್ತಾಳೆ ಎಂದು ಕಡ್ಡಿ ಅದನ್ನು ಎಳೆದುಕೊಂಡಿದ್ದಳು. ಅಷ್ಟೇ ಆಗಿದ್ದು.

ಗೇಟು ಕಿರ್ ಎಂದಿತು. ಕಡ್ಡಿ ಶರ್ಟನ್ನು ಉಂಡೆ ಮಾಡಿ ಗಂಟುಗಳ ಹಿಂದೆ ತುರುಕಿದಳು. ನಾಲ್ಕು ನೀಲಿ ಚೌಕಗಳ ಮೇಲೆ ಗಣಿತದ ಪುಸ್ತಕ ಇಟ್ಟಳು.

ದೊಡ್ಡಮ್ಮನ ಜೊತೆ ಟೀಚರಮ್ಮನೂ ಬಂದಿದ್ದರು. ಮೂವತ್ತು ವರ್ಷ ಗಣಿತ ಕಲಿಸಿ ರಿಟೈರಾದವರು. ವಾರಕ್ಕೆ ಮೂರು ಸಂಜೆ ಬಂದು ದೊಡ್ಡಮ್ಮನ ಜೊತೆ ಹೊಲಿಯುತ್ತಾ ಕೂರುವುದು ಅವರ ಅಭ್ಯಾಸ.

"ಕಡ್ಡಿ, ಕುರ್ಚಿ ಮೇಲಿನ ಶರ್ಟ್ ಕೊಡು. ಮೊದ್ಲು ಗುಂಡಿ ಹಾಕ್ಬಿಡ್ತೀನಿ" ಎಂದಳು ದೊಡ್ಡಮ್ಮ.

ಕಡ್ಡಿ ಗಣಿತದ ಪುಸ್ತಕದ ಮೇಲೆ ಕೈಯೂರಿದಳು. "ಅದು... ಡ್ರೈವರಕ್ಕ ಬಂದಿದ್ರು. ತಗೊಂಡು ಹೋದ್ರು."

"ಗುಂಡಿ ಇಲ್ದೇನಾ? ಏನು ಅವಸರ ಇತ್ತೋ ಪಾಪ." ದೊಡ್ಡಮ್ಮ ಡಬ್ಬಿಯಿಂದ ಎರಡು ನೀಲಿ ಗುಂಡಿ ಹುಡುಕಿದಳು. ಸೂಜಿ ದಾರದ ಜೊತೆ ಅವನ್ನು ಪರ್ಸಿಗೆ ಹಾಕಿಕೊಂಡಳು. ಆಗಷ್ಟೇ ಬಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡಳು. "ಟೀಚರಮ್ಮ, ನೀವು ಕೂತಿರಿ. ಅವಳ ಮನೆಗೇ ಹೋಗಿ ಹಾಕಿ ಬರ್ತೀನಿ. ಇಪ್ಪತ್ತು ನಿಮಿಷದ ದಾರಿ."

ದಾರದ ಅಂಗಡಿಗೆ ಹೋಗಿ ಬಂದೇ ದೊಡ್ಡಮ್ಮನ ಮೊಣಕಾಲು ನೋಯುತ್ತಿತ್ತು. ಅದು ಅವಳು ನಡೆಯುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಕಡ್ಡಿಯ ಮಾತಿನ ಮೇಲೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ನಂಬಿ, ಹೊರಟೇಬಿಟ್ಟಿದ್ದಳು.

"ಹೋಗ್ಬೇಡ ದೊಡ್ಡಮ್ಮ" ಎಂದಳು ಕಡ್ಡಿ. ಗಂಟುಗಳ ಹಿಂದಿನಿಂದ ಶರ್ಟನ್ನು ಎಳೆದು ತಂದು ಮೇಜಿನ ಮೇಲಿಟ್ಟಳು.

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡರು. "ಅಯ್ಯೋ ದೇವರೇ. ಅವಳದು ಇನ್ನೊಂದು ಶರ್ಟು ಗ್ರೀಸ್ ಮೆತ್ಕೊಂಡು ಬಕೆಟಲ್ಲಿ ನೆನೀತಿದೆಯಂತೆ. ನಿನ್ನೆ ತಾನೇ ಹೇಳ್ತಿದ್ಲು."

ದೊಡ್ಡಮ್ಮ ಚಪ್ಪಲಿ ಬಿಟ್ಟು ಬಂದು, ಡಾಕ್ಟರು ಪೇಷಂಟನ್ನು ಮಲಗಿಸುವ ಹಾಗೆ ಶರ್ಟನ್ನು ಬೋರಲಾಗಿ ಹರಡಿದಳು. ಅಂಗೈಯಿಂದ ಸುಕ್ಕು ಸವರಿದಳು.

"ಈ ನಾಲ್ಕನ್ನೂ ವಾಪಸ್ ಅಲ್ಲೇ ಸೇರಿಸಿ ಹೊಲಿದ್ರೆ?" ಕಡ್ಡಿ ಮೆಲ್ಲಗೆ ಕೇಳಿದಳು.

"ಒಂದೊಂದು ಜೋಡಣೆಗೂ ಅರ್ಧ ಇಂಚು ಒಳಗೆ ಹೋಗುತ್ತೆ ಮಗು" ಎಂದರು ಟೀಚರಮ್ಮ. "ಅಡ್ಡಕ್ಕೆ ಮೂರು ಜೋಡಣೆ. ಒಂದೂವರೆ ಇಂಚು ಬಿಗಿಯಾಯ್ತು. ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಪರ್ ಅನ್ನುತ್ತೆ."

ದೊಡ್ಡಮ್ಮ ಇನ್ನೂ ನೋಡುತ್ತಲೇ ಇದ್ದಳು. ಟೇಪು ಹಿಡಿದು ಹೆಗಲಿನಿಂದ ಸೊಂಟದವರೆಗೆ ಅಳೆದಳು, ಸೊಂಟದಿಂದ ತುದಿಯವರೆಗೆ ಅಳೆದಳು. ಆಮೇಲೆ ಅವಳ ಹುಬ್ಬು ಸ್ವಲ್ಪ ಮೇಲೇರಿತು.

"ಈ ಶರ್ಟಿನ ಕೆಳಗಿನ ಅರ್ಧ ಎಲ್ಲಿರುತ್ತೆ, ಹೇಳು ಕಡ್ಡಿ."

"ಪ್ಯಾಂಟ್ ಒಳಗೆ. ಇನ್‌ಶರ್ಟ್ ಮಾಡ್ತಾರಲ್ಲ."

"ಯಾರಿಗಾದ್ರೂ ಕಾಣುತ್ತಾ?"

"ಇಲ್ಲ."

"ತೂತಾದ ಮೇಲಿನ ಭಾಗ ತೆಗೆದು, ಕೆಳಗಿಂದು ಮೇಲೆ ಬರ್ಲಿ ಹಾಗಾದ್ರೆ. ಕೆಳಗೆ ಯಾವ ಬಟ್ಟೆ ಇದ್ರೇನು?"

ಟೀಚರಮ್ಮ ಒಂದು ಕ್ಷಣ ಲೆಕ್ಕ ಹಾಕಿ, ಮೇಜಿನ ಮೇಲೆ ಕೈ ತಟ್ಟಿದರು. "ಸರಿಹೋಗುತ್ತೆ ಕಣೆ. ಹೊಂದುತ್ತೆ."

ಕಡ್ಡಿಗೆ ಬ್ಲೇಡು ಸಿಕ್ಕಿತು. ಬೆನ್ನಿನ ಬಟ್ಟೆಯನ್ನು ಹೆಗಲಿನಿಂದ, ತೋಳಿನಿಂದ, ಎರಡೂ ಪಕ್ಕದಿಂದ ಬಿಡಿಸಬೇಕಿತ್ತು. ಒಂದು ಹೊಲಿಗೆ ಬಿಟ್ಟು ಒಂದು ಹೊಲಿಗೆ ಕತ್ತರಿಸುತ್ತಾ, ಬಟ್ಟೆಗೆ ಗೀರು ಬೀಳದ ಹಾಗೆ. ಅರ್ಧ ಗಂಟೆಯಲ್ಲಿ ಅವಳ ಕತ್ತು ಹಿಡಿದುಕೊಂಡಿತು. ಅವಳು ಬಿಡಿಸಿಕೊಟ್ಟ ಬಟ್ಟೆಯ ಕೆಳಭಾಗದ ಮೇಲೆ ದೊಡ್ಡಮ್ಮ ಸೀಮೆಸುಣ್ಣದಲ್ಲಿ ತೋಳಿನ ಬಾಗು ಬರೆದು, ಕತ್ತರಿಸಿ, ಪಿನ್ ಚುಚ್ಚಿದಳು. ಗೆರೆ ಎಳೆಯುವಾಗ ಅವಳ ಕೈ ಒಂದಿಷ್ಟೂ ಅಲುಗಲಿಲ್ಲ.

"ಈಗ ಕೆಳಗಡೆಗೆ ಬಟ್ಟೆ ಹುಡುಕು" ಎಂದಳು ದೊಡ್ಡಮ್ಮ. "ಬಣ್ಣ ನೋಡ್ಬೇಡ. ದಿನಕ್ಕೆ ಎಂಟು ಗಂಟೆ ಅದರ ಮೇಲೇ ಕೂರೋಳು ಅವಳು. ಚುಚ್ಚಬಾರದು, ಬೆವರಿದ್ರೆ ಅಂಟಬಾರದು."

ಕಡ್ಡಿ ಗಂಟುಗಳನ್ನು ಬಿಚ್ಚಿದಳು. ದೊಡ್ಡಮ್ಮನ ಹಾಗೆ ಕಣ್ಣು ಮುಚ್ಚಿ ಒಂದೊಂದನ್ನೇ ಮುಟ್ಟಿದಳು. ಪರದೆ ಬಟ್ಟೆ ಒರಟು. ಮಿರುಗುವ ಸೀರೆ ಜಾರುತ್ತಿತ್ತು. ಇನ್ನೊಂದು ಮೆತ್ತಗಿತ್ತು, ಆದರೆ ಎಳೆದರೆ ಹರಿಯುವಂತಿತ್ತು. ಡ್ರೈವರಕ್ಕನ ಬಿಸಿ ಬಿಸಿ ಸೀಟು, ಗುಂಡಿ ಬಿದ್ದ ರಸ್ತೆ, ಸಿಗ್ನಲ್ಲು ಎಲ್ಲ ಅವಳ ಮನಸ್ಸಿಗೆ ಬಂದವು. ಕೊನೆಗೆ ಅವಳು ಮೇಜಿನ ಕೆಳಗೆ ಬಗ್ಗಿ ತನ್ನದೇ ಶೂ ಡಬ್ಬಿ ತೆಗೆದಳು. ಮುಂದೆ ತಾನೇ ಹೊಲಿಯಬೇಕಾದ ಮೊದಲ ಕೌದಿಗೆಂದು ಅದರಲ್ಲಿ ಒಂದು ಹಳೇ ನೈಟಿ ಎತ್ತಿಟ್ಟಿದ್ದಳು. ಹಳದಿ ಬಣ್ಣ, ಮೇಲೆಲ್ಲ ಬಾತುಕೋಳಿ. ಯಾರು ಕೇಳಿದರೂ ಕೊಟ್ಟಿರಲಿಲ್ಲ.

ದೊಡ್ಡಮ್ಮ ಅದನ್ನು ಬೆರಳುಗಳ ನಡುವೆ ಉಜ್ಜಿ ನೋಡಿದಳು. "ಸರಿಯಾದ್ದೇ ಆರಿಸಿದ್ದೀಯ" ಎಂದಳು. ಮಿಷನ್ನಿನ ಮುಂದೆ ಕೂರುತ್ತಾ ಮತ್ತೊಂದು ಮಾತು ಸೇರಿಸಿದಳು. "ಹೊಲಿಯೋದು ನಂಗಿರ್ಲಿ. ಅವಳು ಬಂದಾಗ ಹೇಳೋದು ನಿನ್ನ ಕೆಲಸ."

ಏಳು ಗಂಟೆಗೆ ಡ್ರೈವರಕ್ಕ ಬಂದರು. ಅಗಲ ಭುಜ, ದೊಡ್ಡ ದನಿ. ಮಿಷನ್ನು ಇನ್ನೂ ಓಡುತ್ತಿತ್ತು. ಕಡ್ಡಿ ಎದ್ದು ಬಾಗಿಲಿಗೇ ಹೋದಳು.

"ಡ್ರೈವರಕ್ಕ, ಬೇಕರಿಯವರ ಕೌದಿಗೆ ಅಂತ ನಿಮ್ಮ ಶರ್ಟಲ್ಲಿ ನಾನು ನಾಲ್ಕು ಚೌಕ ಕತ್ತರಿಸಿಬಿಟ್ಟೆ. ಕೇಳದೇ ತಗೊಂಡೆ. ಆಮೇಲೆ, ನೀವೇ ತಗೊಂಡು ಹೋದ್ರಿ ಅಂತ ಸುಳ್ಳು ಹೇಳ್ದೆ."

ಡ್ರೈವರಕ್ಕನ ಮುಖ ಕೆಂಪಾಯಿತು. "ನಾಳೆ ಐದೂವರೆ ಬಸ್ಸು ನಂದು. ಆಸ್ಪತ್ರೆ ನರ್ಸುಗಳೆಲ್ಲ ಅದಕ್ಕೇ ಕಾಯ್ತಿರ್ತಾರೆ. ಯೂನಿಫಾರ್ಮ್ ಇಲ್ದಿದ್ರೆ ಡಿಪೋದಲ್ಲಿ ಕೀ ಕೊಡಲ್ಲ, ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ಕಡ್ಡಿ ತಲೆ ಅಲ್ಲಾಡಿಸಿದಳು. ಅಲ್ಲಿಂದ ಓಡಿಹೋಗಬೇಕು ಅನ್ನಿಸಿದರೂ ನಿಂತೇ ಇದ್ದಳು.

ಮಿಷನ್ನು ನಿಂತಿತು. ದೊಡ್ಡಮ್ಮ ದಾರ ಕಡಿದು, ಗುಂಡಿ ಹಾಕಿ, ಇಸ್ತ್ರಿ ಒತ್ತಿ ಶರ್ಟನ್ನು ಚಾಚಿದಳು. ಡ್ರೈವರಕ್ಕ ಒಳಗೆ ಹೋಗಿ ಹಾಕಿಕೊಂಡು ಬಂದರು. ಸ್ಟಿಯರಿಂಗ್ ಹಿಡಿದ ಹಾಗೆ ಎರಡೂ ಕೈ ಮುಂದೆ ಚಾಚಿ ಬಲಕ್ಕೆ ತಿರುಗಿಸಿದರು, ಎಡಕ್ಕೆ ತಿರುಗಿಸಿದರು. ಬ್ರೇಕ್ ಒತ್ತಿದರು. ಎಲ್ಲೂ ಬಿಗಿಯಲಿಲ್ಲ. ಹೆಗಲ ಹತ್ತಿರ ಹೊಲಿಗೆ ಮೊದಲಿನದೇ ಜಾಗದಲ್ಲಿ, ಮೊದಲಿಗಿಂತ ನೇರವಾಗಿ ಕೂತಿತ್ತು.

"ಬೆನ್ನು ಸ್ವಲ್ಪ ಗಾಢ ಬಣ್ಣ ಕಾಣುತ್ತೆ" ಎಂದರು ಟೀಚರಮ್ಮ. "ಬಿಸಿಲು ಕಾಣದ ಬಟ್ಟೆ ನೋಡು."

"ನಾನು ಸೀಟಿಗೆ ಒರಗಿ ಕೂತಿರ್ತೀನಿ. ಬೆನ್ನು ಯಾರು ನೋಡ್ತಾರೆ?" ಡ್ರೈವರಕ್ಕ ಶರ್ಟಿನ ತುದಿಯನ್ನು ಹೊರಗೆಳೆದು ಬಗ್ಗಿ ನೋಡಿದರು. ಸಾಲು ಸಾಲು ಬಾತುಕೋಳಿಗಳು ಅವರನ್ನೇ ನೋಡುತ್ತಿದ್ದವು. ಡ್ರೈವರಕ್ಕನ ತುಟಿ ಅದುರಿತು, ಆಮೇಲೆ ಹೊಟ್ಟೆ ಕುಲುಕಿತು, ಆಮೇಲೆ ಕೋಣೆಯೇ ಅದುರುವ ಹಾಗೆ ನಕ್ಕರು. "ಇಷ್ಟು ಜನ ಟಿಕೆಟ್ ಇಲ್ದೇ ಹತ್ತಿದ್ದಾರಲ್ಲ. ಮೆತ್ತಗಂತೂ ಇದೆ. ಆ ನಾಲ್ಕು ಚೌಕ ಬೇಕರಿಯವರ ಕೌದಿಗೇ ಹಾಕ್ಕೊಳ್ಳಿ." ಹೊರಡುವಾಗ ಕಡ್ಡಿಯ ಕಡೆ ತಿರುಗಿ, "ಇನ್ನೊಂದ್ಸಲ ಕೇಳಿ ತಗೋ, ತಿಳೀತಾ?" ಎಂದರು. ಆ ದನಿಯಲ್ಲಿ ಇನ್ನೂ ಸ್ವಲ್ಪ ಸಿಟ್ಟಿತ್ತು.

ಟೀಚರಮ್ಮನೂ ಹೋದರು.

ದೊಡ್ಡಮ್ಮ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದಳು. ಒಂದು ಕೈಯ ಹೆಬ್ಬೆರಳಿನಿಂದ ಇನ್ನೊಂದು ಕೈಯ ಬೆರಳುಗಳನ್ನು ಒತ್ತಿಕೊಳ್ಳುತ್ತಿದ್ದಳು. ಇವತ್ತು ಬೇಕರಿಯವರ ಕೌದಿಯಲ್ಲಿ ಮೂರು ಸಾಲು ಮುಗಿಸಬೇಕೆಂದು ಅಂಗಡಿಗೆ ಹೊರಡುವಾಗಲೇ ಹೇಳಿದ್ದಳು. ಒಂದು ಸಾಲೂ ಆಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ಕಣ್ಣುಜ್ಜಿಕೊಂಡು ಸೂಜಿ ತೆಗೆದಳು. ದೀಪದ ಕಡೆ ಹಿಡಿದು ದಾರ ಪೋಣಿಸಲು ನೋಡಿದಳು. ದಾರ ಪಕ್ಕಕ್ಕೆ ಹೋಯಿತು. ತುದಿಯನ್ನು ನಾಲಗೆಗೆ ತಾಗಿಸಿ ಮತ್ತೆ ಹಿಡಿದಳು. ಮತ್ತೂ ಪಕ್ಕಕ್ಕೆ ಹೋಯಿತು.

ಗೆರೆ ಎಳೆಯುವಾಗ ಕೂದಲೆಳೆಯಷ್ಟೂ ಅಲುಗದ ಕೈ ಅದು. ಕಡ್ಡಿ ಅದನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ ಸೂಜಿಯನ್ನು ಮೆಲ್ಲಗೆ ಆ ಕೈಯಿಂದ ತೆಗೆದುಕೊಂಡಳು. ಪೋಣಿಸಿ ಗಂಟು ಹಾಕಿ ಕೊಟ್ಟಳು.

ದೊಡ್ಡಮ್ಮ ಹೊಲಿಯಲು ಶುರುಮಾಡಿದಳು. ಕಡ್ಡಿ ಪಕ್ಕದಲ್ಲೇ ಕೂತು ಡಬ್ಬಿಯಲ್ಲಿದ್ದ ಉಳಿದ ಸೂಜಿಗಳನ್ನೂ ತೆಗೆದಳು. ಒಂದೊಂದಕ್ಕೂ ಮೊಳದುದ್ದ ದಾರ ಪೋಣಿಸಿ, ಸೂಜಿ ಚುಚ್ಚಿಡುವ ಪುಟ್ಟ ದಿಂಬಿನ ಅಂಚಿಗೆ ಸಾಲಾಗಿ ಚುಚ್ಚತೊಡಗಿದಳು. ನಾಳೆ ಬೆಳಿಗ್ಗೆ ತಾನು ಸ್ಕೂಲಿಗೆ ಹೋದ ಮೇಲೂ ದೊಡ್ಡಮ್ಮನಿಗೆ ಸಾಲಬೇಕು.